ತಲೆಯ ಮೇಲಿನ ಗಂಟು ಮಿಡಿಯುತ್ತಿದೆಯೇ? ಸೂಜಿ ಚುಚ್ಚಿಸುವ ಮೊದಲು ಇದನ್ನು ಓದಿ

ತಲೆಯ ಮೇಲೆ ಮೆತ್ತಗಿನ ಗಂಟು ಇದ್ದರೆ ಮೊದಲು ಮಾಡಬೇಕಾದ ಪರೀಕ್ಷೆಗೆ ದುಡ್ಡು ಬೇಕಿಲ್ಲ. ಎರಡು ಬೆರಳನ್ನು ಹಗುರವಾಗಿ ಅದರ ಮೇಲಿಟ್ಟು ಅರ್ಧ ನಿಮಿಷ ಸುಮ್ನೆ ಇರಿ. ಹಿಸುಕಬೇಡಿ, ಉಜ್ಜಬೇಡಿ. ಬೆರಳ ಕೆಳಗೆ ಏನಾದರೂ ಮಿಡಿಯುತ್ತಿದೆಯೇ? ಇನ್ನೊಂದು ಕೈಯಿಂದ ಮಣಿಕಟ್ಟಿನ ನಾಡಿ ಹಿಡಿದು ನೋಡಿ, ಎರಡೂ ಒಂದೇ ಲಯದಲ್ಲಿವೆಯೇ? ಮಿಡಿತದ ಜೊತೆಗೆ ಸಣ್ಣಗೆ ಝುಮ್ಮೆನ್ನುವ ನಡುಕವೂ ಸಿಗುತ್ತಿದೆಯೇ? ಇದರಲ್ಲಿ ಒಂದಕ್ಕೆ ಹೌದು ಅನಿಸಿದರೂ ಅದನ್ನು ಕೊಬ್ಬಿನ ಗಂಟು ಅಂತ ಯಾರೇ ಹೇಳಿದರೂ ಒಪ್ಪಿಕೊಳ್ಳಬೇಡಿ. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಆಗುವ ತನಕ ಆ ಜಾಗಕ್ಕೆ ಸೂಜಿಯೂ ತಾಗಬಾರದು, ಬ್ಲೇಡೂ ತಾಗಬಾರದು.

ನಾನು ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಕೆಲಸ ಮಾಡುವವಳು. 'ಕೊಬ್ಬಿನ ಗಂಟು, ತೆಗೆಯುವ ಮುಂಚೆ ಒಮ್ಮೆ ನೋಡಿ' ಅಂತ ಚೀಟಿ ಬಂದಿರುತ್ತದೆ. ಯಂತ್ರದಲ್ಲಿ ಬಣ್ಣದ ಗುಂಡಿ ಒತ್ತಿದ ಕೂಡಲೇ ಇಡೀ ಗಂಟು ಕೆಂಪು ನೀಲಿಯಾಗಿ ಉರಿಯುತ್ತದೆ. ಒಳಗೆ ಕೊಬ್ಬು ಇರುವುದೇ ಇಲ್ಲ, ಇರುವುದೆಲ್ಲ ರಕ್ತ. ಆ ಚೀಟಿ ಬರೆಯದೆ ನೇರವಾಗಿ ಸಣ್ಣ ಆಪರೇಷನ್ ಕೋಣೆಯಲ್ಲಿ (ಮೈನರ್ ಓಟಿ) ಕೊಯ್ದಿದ್ದರೆ ಏನಾಗುತ್ತಿತ್ತು ಅಂತ ಪ್ರತಿ ಸಲವೂ ಎದೆ ಝಲ್ಲೆನ್ನುತ್ತದೆ. ಇದನ್ನು ಬರೆಯುತ್ತಿರುವುದು ಅದಕ್ಕೇ.

ಒಳಗೆ ಏನಾಗಿರುತ್ತದೆ ಅಂದರೆ, ಹೃದಯದಿಂದ ಒತ್ತಡದಲ್ಲಿ ರಕ್ತ ತರುವ ನಾಳಕ್ಕೂ ರಕ್ತವನ್ನು ವಾಪಸ್ ಒಯ್ಯುವ ತೆಳು ನಾಳಕ್ಕೂ (ಸಿರೆ) ನಡುವೆ ಕೂದಲಿಗಿಂತ ಸಣ್ಣ ನಾಳಗಳ ಜಾಲ ಇರಬೇಕು. ಅಲ್ಲಿ ರಕ್ತದ ರಭಸ ತಗ್ಗುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಒಂದು ಜಾಗದಲ್ಲಿ ಈ ಜಾಲ ಇರುವುದಿಲ್ಲ. ಕಾಲುವೆಯ ನೀರು ಗದ್ದೆಗೆ ಹರಡದೆ ನೇರವಾಗಿ ಹಳ್ಳಕ್ಕೆ ಧುಮುಕಿದ ಹಾಗೆ, ರಭಸದ ರಕ್ತ ನೇರ ತೆಳು ನಾಳಕ್ಕೆ ನುಗ್ಗುತ್ತದೆ. ಆ ನಾಳ ವರ್ಷಗಟ್ಟಲೆ ಆ ಒತ್ತಡ ತಿಂದು ಹಿಗ್ಗಿ, ಸುತ್ತಿಕೊಂಡು, ಚರ್ಮದ ಕೆಳಗೆ ಹುಳು ಮಲಗಿದಂತೆ ಕಾಣತೊಡಗುತ್ತದೆ. ಇದೇ ನೆತ್ತಿಚರ್ಮದ ಎವಿಎಂ (ಆರ್ಟೀರಿಯೋವೀನಸ್ ಮಾಲ್ಫಾರ್ಮೇಶನ್). ಹಳೆಯ ಡಾಕ್ಟರುಗಳು ಸರ್ಸಾಯ್ಡ್ ಅನ್ಯೂರಿಸಮ್ ಅಂತ ಬರೆಯುತ್ತಾರೆ, ಎರಡೂ ಒಂದೇ.

ಎಲ್ಲವೂ ಹುಟ್ಟಿನಿಂದ ಬಂದವೇ ಆಗಬೇಕಿಲ್ಲ. ತಲೆಗೆ ಪೆಟ್ಟು ಬಿದ್ದು ಅಕ್ಕಪಕ್ಕದ ಎರಡು ನಾಳಗಳು ಒಂದಕ್ಕೊಂದು ತೆರೆದುಕೊಂಡರೂ ಹೀಗಾಗುತ್ತದೆ. ಕೂದಲು ಕಸಿ ಮಾಡಿಸಿಕೊಂಡ ನಂತರ ಶುರುವಾದದ್ದೂ ವೈದ್ಯಕೀಯದಲ್ಲಿ ದಾಖಲಾಗಿದೆ. ಹಾಗಾಗಿ ಡಾಕ್ಟರ ಮುಂದೆ ಕೂತಾಗ ಇವನ್ನು ಮರೆಯದೆ ಹೇಳಿ: ಗಂಟು ಯಾವಾಗಿನಿಂದ ಇದೆ, ಅದಕ್ಕೂ ಮುಂಚೆ ಬಿದ್ದದ್ದು ಅಥವಾ ಹೊಡೆತ ತಿಂದದ್ದು ಇದೆಯಾ, ಮೈನೆರೆದ ವಯಸ್ಸಿನಲ್ಲಿ ಅಥವಾ ಬಸುರಿಯಾಗಿದ್ದಾಗ ಬೇಗ ದೊಡ್ಡದಾಯಿತಾ, ಆ ಕಡೆಗೆ ತಲೆಯಿಟ್ಟು ಮಲಗಿದರೆ ಕಿವಿಯಲ್ಲಿ ಗುಂಯ್ ಗುಂಯ್ ಅನ್ನುತ್ತದಾ, ಯಾವತ್ತಾದರೂ ಮೇಲಿನ ಚರ್ಮ ಒಡೆದು ರಕ್ತ ಬಂದಿದೆಯಾ. ಪ್ರಾಯ ಬರುವಾಗಿನ ಮತ್ತು ಬಸಿರಿನ ಹಾರ್ಮೋನುಗಳಿಂದ ಈ ಗಂಟುಗಳು ದಿಢೀರನೆ ಬೆಳೆಯುವುದುಂಟು. ಮಗು ಬೇಕು ಅಂತ ಯೋಚಿಸುತ್ತಿರುವವರು ಅದನ್ನು ಮೊದಲೇ ಹೇಳಿದರೆ ಚಿಕಿತ್ಸೆಯ ಸಮಯವನ್ನು ಅದಕ್ಕೆ ತಕ್ಕಂತೆ ನಿರ್ಧರಿಸಬಹುದು.

ಮಿಡಿಯದೇ ಇರುವ ರಕ್ತದ ಗಂಟುಗಳೂ ಇವೆ. ತಲೆ ಬಗ್ಗಿಸಿದಾಗ ಉಬ್ಬಿ, ಎದ್ದು ಕೂತಾಗ ಇಳಿದುಬಿಡುವ, ನೀಲಿ ಛಾಯೆಯ, ಒತ್ತಿದರೆ ಒಳಕ್ಕೆ ಹೋಗಿ ನಿಧಾನಕ್ಕೆ ಮತ್ತೆ ತುಂಬಿಕೊಳ್ಳುವ ಗಂಟಾದರೆ ಅದು ನಿಧಾನ ಹರಿವಿನ ಸಿರೆಗಳದ್ದು, ವೀನಸ್ ಮಾಲ್ಫಾರ್ಮೇಶನ್. ಆದರೆ ಅಂಥದ್ದೇ ಗಂಟು ನೆತ್ತಿಯ ನಟ್ಟನಡುವಿನ ಗೆರೆಯ ಮೇಲೋ ಅದರ ಪಕ್ಕದಲ್ಲೋ ಇದ್ದರೆ ಎಚ್ಚರ ಜಾಸ್ತಿ ಬೇಕು. ಅದು ಸೈನಸ್ ಪೆರಿಕ್ರೇನಿ ಆಗಿರಬಹುದು. ಅಂದರೆ ತಲೆಬುರುಡೆಯ ಮೂಳೆಯಲ್ಲಿನ ರಂಧ್ರದ ಮೂಲಕ ಮಿದುಳಿನ ದೊಡ್ಡ ಸಿರೆಯ ಜೊತೆ ಅದಕ್ಕೆ ಸಂಪರ್ಕ ಇರುತ್ತದೆ. ಕೆಲವರಲ್ಲಿ ಮಿದುಳಿನ ರಕ್ತ ಹೊರಗೆ ಬರುವುದಕ್ಕೆ ಅದೇ ಮುಖ್ಯ ದಾರಿಯಾಗಿರುತ್ತದೆ. ಅದನ್ನು ನೋಡದೆ ಮುಚ್ಚಿದರೆ ಮಿದುಳಿಗೇ ಕುತ್ತು. ಹಸುಗೂಸಿನ ನಡುನೆತ್ತಿಯ ಗಂಟಿಗೂ ಇದೇ ಮಾತು. ಅತ್ತಾಗ ಉಬ್ಬುತ್ತಿದ್ದರೆ ಮಿದುಳಿನ ಪೊರೆ ಮೂಳೆಯ ಸಂದಿಯಿಂದ ಹೊರಗೆ ಬಂದಿರುವ ಸಾಧ್ಯತೆಯೂ ಇದೆ. ಮಕ್ಕಳಲ್ಲಿ ಎಂಆರ್‌ಐ ಆಗದೆ ಏನೂ ಮಾಡಿಸಬೇಡಿ.

ಇನ್ನೊಂದು ಬಗೆ ಕಣತಲೆಯದ್ದು. ಕ್ರಿಕೆಟ್ ಚೆಂಡು ಬಡಿದು ಅಥವಾ ಬಾಗಿಲ ಅಂಚು ತಾಗಿ, ಕೆಲವು ವಾರ ಬಿಟ್ಟು ಕಿವಿಯ ಮೇಲ್ಭಾಗದಲ್ಲೋ ಹಣೆಯ ಬದಿಯಲ್ಲೋ ಕಡಲೆಕಾಳಿನಷ್ಟೋ ಇನ್ನೂ ಸ್ವಲ್ಪ ದೊಡ್ಡದೋ ಮಿಡಿಯುವ ಗುಳ್ಳೆ ಏಳುತ್ತದೆ. ಅಲ್ಲಿ ಹಾದುಹೋಗುವ ಒಂದೇ ನಾಳದ ಗೋಡೆ ಹರಿದು ಆದ ಉಬ್ಬು ಅದು. ಇದರ ಚಿಕಿತ್ಸೆ ಸಲೀಸು. ಎರಡೂ ತುದಿ ಕಟ್ಟಿ ಗುಳ್ಳೆಯನ್ನು ತೆಗೆದರೆ ಮುಗಿಯಿತು, ಎಷ್ಟೋ ಸಲ ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ ಮಾಡುತ್ತಾರೆ.

ಹೆಸರಿನ ವಿಷಯದಲ್ಲಿ ಸ್ವಲ್ಪ ಹಟ ಮಾಡಿ. ಹಳೆ ಕಾಗದಗಳಲ್ಲಿ ರಕ್ತದ ಗಂಟು ಕಂಡರೆ ಸಾಕು, ಎಲ್ಲದಕ್ಕೂ 'ಹೆಮಾಂಜಿಯೋಮಾ' ಅಂತ ಬರೆದಿರುತ್ತಾರೆ. 1982ರಲ್ಲಿ ಮಲ್ಲಿಕೆನ್ ಮತ್ತು ಗ್ಲೊವಾಕಿ ಎಂಬ ಇಬ್ಬರು ಸಂಶೋಧಕರು ಇವನ್ನು ಎರಡು ಗುಂಪಾಗಿ ಬೇರ್ಪಡಿಸಿದರು. ಒಂದು ಗುಂಪಿನಲ್ಲಿ ಜೀವಕೋಶಗಳು ನಿಜವಾಗಿಯೂ ಬೆಳೆಯುತ್ತವೆ. ಇನ್ನೊಂದರಲ್ಲಿ ನಾಳದ ರಚನೆಯೇ ತಪ್ಪಾಗಿರುತ್ತದೆ. ಮೊದಲನೆಯದು ಕೂಸಿನ ಹೆಮಾಂಜಿಯೋಮಾ. ಹುಟ್ಟಿದಾಗ ಇಲ್ಲದೆ ಅಥವಾ ಸಣ್ಣ ಕೆಂಪು ಕಲೆಯಾಗಿದ್ದು, ಮೊದಲ ತಿಂಗಳುಗಳಲ್ಲಿ ಸರಸರ ಬೆಳೆದು, ಆಮೇಲೆ ವರ್ಷಗಳಲ್ಲಿ ತಾನಾಗಿ ಕುಗ್ಗುತ್ತದೆ. ಎರಡನೆಯದು ಯಾವತ್ತೂ ತಾನಾಗಿ ಕರಗುವುದಿಲ್ಲ. 'ದೊಡ್ಡವನಾದ ಮೇಲೆ ಹೋಗುತ್ತದೆ ಬಿಡಿ' ಅನ್ನುವ ಮಾತು ಮೊದಲನೆಯದಕ್ಕೆ ಸರಿ. ಎರಡನೆಯದಕ್ಕೆ ಆ ಮಾತು ನಂಬಿ ಕಾದರೆ ವರ್ಷಗಳು ವ್ಯರ್ಥ. ಹತ್ತು ವರ್ಷ ದಾಟಿದ ಹುಡುಗನ ತಲೆಯ ಮೇಲೆ ಮಿಡಿಯುವ ಗಂಟಿದ್ದು ಕಾಗದದಲ್ಲಿ ಹೆಮಾಂಜಿಯೋಮಾ ಅಂತಿದ್ದರೆ, ಮತ್ತೊಮ್ಮೆ ನೋಡಿ ಅಂತ ಕೇಳುವುದು ನಿಮ್ಮ ಹಕ್ಕು.

ಪರೀಕ್ಷೆಗಳ ವಿಷಯಕ್ಕೆ ಬರುತ್ತೇನೆ. ಮೊದಲು ಡಾಪ್ಲರ್. ಅಗ್ಗ, ನೋವಿಲ್ಲ, ವಿಕಿರಣವಿಲ್ಲ, ಜಿಲ್ಲಾ ಕೇಂದ್ರಗಳಲ್ಲೂ ಆಗುತ್ತದೆ. ಹರಿವು ವೇಗದ್ದೋ ನಿಧಾನದ್ದೋ ಅನ್ನುವುದು ಇದರಲ್ಲೇ ತಿಳಿಯುತ್ತದೆ. ಮುಂದಿನ ಎಲ್ಲ ತೀರ್ಮಾನ ನಿಂತಿರುವುದು ಈ ಒಂದು ಉತ್ತರದ ಮೇಲೆ. ಬರೀ 'ಅಲ್ಟ್ರಾಸೌಂಡ್' ಅಂತ ಬರೆಸಬೇಡಿ, ಕಲರ್ ಡಾಪ್ಲರ್ ಅಂತಲೇ ಬರೆಸಿ. ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ, ಹಾಗಂತ ಕೂದಲು ಬೋಳಿಸಿಕೊಂಡೂ ಬರಬೇಡಿ.

ವೇಗದ ಹರಿವು ಕಂಡರೆ ಮುಂದೆ ಸಿಟಿ ಆಂಜಿಯೋ (ಡೈ ಚುಚ್ಚಿ ನಾಳಗಳ ಚಿತ್ರ ತೆಗೆಯುವ ಸ್ಕ್ಯಾನ್) ಅಥವಾ ಎಂಆರ್‌ಐ ಆಗಬೇಕು. ಯಾವ ಯಾವ ನಾಳ ರಕ್ತ ಕೊಡುತ್ತಿದೆ, ಮೂಳೆ ಸವೆದಿದೆಯೇ, ಮಿದುಳಿನ ಒಳಗಿನಿಂದಲೂ ಏನಾದರೂ ಸೇರಿಕೊಂಡಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ರಕ್ತ ಕೊಡುವುದು ಹೆಚ್ಚಾಗಿ ಕಣತಲೆಯ ನಾಳ, ಹಿಂದಲೆಯ ನಾಳ, ಕಿವಿಯ ಹಿಂದಿನ ನಾಳ. ಹಣೆಯ ಕಡೆಗಿದ್ದರೆ ಕಣ್ಣಿನ ನಾಳದ ಕವಲುಗಳೂ ಸೇರಿರುತ್ತವೆ. ಸಿಟಿಗೆ ಮುಂಚೆ ಮೂತ್ರಪಿಂಡ ಸರಿಯಿದೆಯೇ ಅಂತ ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡಿಸಿಕೊಳ್ಳಿ. ಹಿಂದೆ ಯಾವಾಗಲಾದರೂ ಡೈ ಇಂಜೆಕ್ಷನ್‌ಗೆ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ.

ಕೊನೆಯದು ಡಿಎಸ್‌ಎ. ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ತೆಳ್ಳನೆಯ ನಳಿಕೆ ತೂರಿಸಿ, ಕುತ್ತಿಗೆಯ ನಾಳಗಳ ತನಕ ಒಯ್ದು, ಡೈ ಹಾಕಿ ಚಿತ್ರ ತೆಗೆಯುತ್ತಾರೆ. ಇಷ್ಟು ನಿಖರ ಚಿತ್ರ ಬೇರೆ ಯಾವ ಪರೀಕ್ಷೆಯಲ್ಲೂ ಸಿಗುವುದಿಲ್ಲ. ತೊಡೆಯಿಂದ ಮಾಡಿದರೆ ಕೆಲವು ಗಂಟೆ ಕಾಲು ಮಡಚದೆ ಮಲಗಿರಬೇಕು. ಕುತ್ತಿಗೆಯಿಂದ ತಲೆಗೆ ರಕ್ತ ಒಯ್ಯುವ, ಎರಡೂ ಕಡೆಯ ಒಳ ಮತ್ತು ಹೊರ ಕೆರೋಟಿಡ್ ನಾಳಗಳನ್ನು ನೋಡಿದ್ದೀರಾ ಅಂತ ಕೇಳಿ. ಗಂಟು ಎಡಗಡೆಯಿದ್ದರೂ ನೆತ್ತಿ ದಾಟಿ ಬಲಗಡೆಯ ನಾಳ ಬಂದು ಸೇರಿರುವುದು ಅಪರೂಪವಲ್ಲ. ಅದನ್ನು ಬಿಟ್ಟು ಚಿಕಿತ್ಸೆ ಮಾಡಿದರೆ ಗಂಟು ಮತ್ತೆ ತುಂಬಿಕೊಳ್ಳುತ್ತದೆ. ಆಮೇಲೆ ಆ ಚಿತ್ರಗಳ ಸಿಡಿಯನ್ನು ಕೇಳಿ ಪಡೆದು ಜೋಪಾನವಾಗಿಡಿ. ಬರೀ ರಿಪೋರ್ಟಿನ ಹಾಳೆ ಸಾಲದು, ಎರಡನೇ ಅಭಿಪ್ರಾಯ ಕೇಳಲು ಹೋದಾಗ ಡಾಕ್ಟರುಗಳು ನೋಡಬಯಸುವುದು ಚಿತ್ರವನ್ನೇ.

ಎಲ್ಲರಿಗೂ ತಕ್ಷಣ ಚಿಕಿತ್ಸೆ ಬೇಕಾ? ಬೇಡ. ಚಿಕ್ಕದಾಗಿ, ನೋವಿಲ್ಲದೆ, ವರ್ಷಗಳಿಂದ ಹಾಗೇ ಇದ್ದರೆ ನೋಡುತ್ತಾ ಇರಬಹುದು. ಎವಿಎಂಗಳ ಹಂತ ಅಳೆಯಲು ಶೋಬಿಂಗರ್ ಎಂಬ ನಾಲ್ಕು ಮೆಟ್ಟಿಲಿನ ಅಳತೆ ಬಳಸುತ್ತಾರೆ: ಬೆಚ್ಚಗಿನ ಕೆಂಪು ಕಲೆಯಾಗಿ ಸುಮ್ಮನಿರುವುದು ಮೊದಲನೆಯದು, ಬೆಳೆದು ಮಿಡಿಯುವುದು ಎರಡನೆಯದು, ಚರ್ಮ ಹುಣ್ಣಾಗಿ ನೋವು, ರಕ್ತಸ್ರಾವ ಶುರುವಾಗುವುದು ಮೂರನೆಯದು, ಆ ಹರಿವಿಗೆ ಹೃದಯವೇ ಸೋಲುವುದು ನಾಲ್ಕನೆಯದು. ತಲೆಯ ಗಂಟಿನಿಂದ ನಾಲ್ಕನೆಯ ಹಂತಕ್ಕೆ ಹೋಗುವುದು ಬಹಳ ಕಡಿಮೆ. ನನ್ನ ಅಭಿಪ್ರಾಯ ಕೇಳಿದರೆ, ಬೆಳೆಯುತ್ತಿದೆ ಅಂತ ಖಚಿತವಾದ ಮೇಲೆ ಮೂರನೇ ಹಂತಕ್ಕೆ ಕಾಯುವುದರಲ್ಲಿ ಅರ್ಥವಿಲ್ಲ. ಚರ್ಮ ಚೆನ್ನಾಗಿರುವಾಗಲೇ ಆಪರೇಷನ್ ಆದರೆ ಆ ಚರ್ಮವೂ ಕೂದಲೂ ಉಳಿಯುವ ಅವಕಾಶ ಹೆಚ್ಚು. ಹುಣ್ಣಾದ ಮೇಲೆ ಬೇರೆ ಕಡೆಯ ಚರ್ಮ ತಂದು ಮುಚ್ಚಬೇಕಾಗುತ್ತದೆ. ಇನ್ನು ಗಂಟು ಕುರೂಪವಾಗಿ ಕಾಣುತ್ತದೆ, ಸ್ಕೂಲಿನಲ್ಲಿ ಮಕ್ಕಳು ಆಡಿಕೊಳ್ಳುತ್ತಾರೆ ಅನ್ನುವುದೂ ಚಿಕಿತ್ಸೆಗೆ ಸಾಕಷ್ಟು ಕಾರಣವೇ. ಅದನ್ನು ಹೇಳಿಕೊಳ್ಳಲು ಸಂಕೋಚ ಬೇಡ.

ಈಗ ಅತಿ ಮುಖ್ಯವಾದ ಮಾತು. ರಕ್ತ ಕೊಡುವ ನಾಳವನ್ನು ಹೊರಗಿನಿಂದ ಕಟ್ಟಿಬಿಟ್ಟರೆ ಸಾಕು, ಗಂಟು ಒಣಗುತ್ತದೆ ಅಂತ ಯಾರಾದರೂ ಹೇಳಿದರೆ ಬೇರೆ ಡಾಕ್ಟರನ್ನು ನೋಡಿ. ಒಂದೇ ನಾಳದ ಗುಳ್ಳೆಗೆ ಅದು ಸರಿಯಿತ್ತು, ಎವಿಎಂಗೆ ಅಲ್ಲ. ಇಲ್ಲಿ ರೋಗ ಇರುವುದು ನಡುವೆ ಹೆಣೆದುಕೊಂಡ ನಾಳಗಳ ಸಿಕ್ಕಿನಲ್ಲಿ. ದೊಡ್ಡ ನಾಳ ಕಟ್ಟಿದರೆ ಆ ಸಿಕ್ಕು ಸುತ್ತಲಿನ ಸಣ್ಣ ನಾಳಗಳಿಂದ ರಕ್ತ ಎಳೆದುಕೊಳ್ಳಲು ಶುರುಮಾಡುತ್ತದೆ, ಅವೂ ದಪ್ಪವಾಗುತ್ತವೆ. ಮೇಲಿಂದ, ಮುಂದೆ ನಳಿಕೆ ಕಳಿಸಿ ಚಿಕಿತ್ಸೆ ಮಾಡೋಣ ಅಂದರೆ ಆ ದಾರಿಯೂ ಮುಚ್ಚಿಹೋಗಿರುತ್ತದೆ.

ಸರಿಯಾದ ದಾರಿ ಅಂದರೆ ಸಿಕ್ಕನ್ನೇ ಮುಚ್ಚುವುದು ಅಥವಾ ತೆಗೆಯುವುದು. ಬಹಳಷ್ಟು ಸಲ ಎರಡೂ. ಮುಚ್ಚುವುದಕ್ಕೆ ಎಂಬೋಲೈಸೇಶನ್ ಅನ್ನುತ್ತಾರೆ. ಡಿಎಸ್‌ಎ ಮಾಡಿದ ಹಾಗೆಯೇ ನಳಿಕೆ ತೂರಿಸಿಯೋ, ನೇರವಾಗಿ ಗಂಟಿಗೇ ಸೂಜಿ ಹಾಕಿಯೋ, ಒಳಗೆ ಹೋಗಿ ಗಟ್ಟಿಯಾಗುವ ಗ್ಲೂ ಅಥವಾ ಓನಿಕ್ಸ್ ಎಂಬ ದ್ರವ ಬಿಡುತ್ತಾರೆ. ನೇರ ಸೂಜಿ ಹಾಕುವಾಗ ಗಂಟಿನ ಸುತ್ತ ಬಳೆಯಂಥ ಒತ್ತುಪಟ್ಟಿ ಇಟ್ಟೋ ಬೆರಳಿನಿಂದಲೋ ಒತ್ತಿ ಹಿಡಿಯುತ್ತಾರೆ, ಯಾಕೆಂದರೆ ಹರಿವು ಜೋರಿದ್ದರೆ ಗ್ಲೂ ಸಿರೆಯ ಮೂಲಕ ಶ್ವಾಸಕೋಶಕ್ಕೆ ಹೋಗಬಹುದು. ಕೇಳಬೇಕಾದ ಇನ್ನೆರಡು ಅಪಾಯಗಳು: ಹಣೆಯ ಕಡೆಯ ನಾಳಗಳಿಂದ ದ್ರವ ಹಿಂದಕ್ಕೆ ಸರಿದರೆ ಕಣ್ಣಿಗೆ ತೊಂದರೆ, ಕಿವಿಯ ಹಿಂದಿನ ನಾಳಗಳಲ್ಲಾದರೆ ಮುಖದ ನರಕ್ಕೆ ತೊಂದರೆ. ಅಪರೂಪ, ಆದರೂ ಸಹಿ ಹಾಕುವ ಮುನ್ನ ನಿಮ್ಮ ಗಂಟಿನಲ್ಲಿ ಆ ಸಾಧ್ಯತೆ ಎಷ್ಟು ಅಂತ ಕೇಳಿ ತಿಳಿದುಕೊಳ್ಳಿ.

ಓನಿಕ್ಸ್ ಬಣ್ಣ ಕಪ್ಪು. ತೆಳ್ಳಗಿನ ಚರ್ಮದ ಕೆಳಗೆ ಅದು ಕಪ್ಪಗೆ ಕಾಣುವ ಸಾಧ್ಯತೆಯಿದೆ. ಹಣೆಯಲ್ಲಾದರೆ ಇದನ್ನು ಯೋಚಿಸಲೇಬೇಕು. ಅದನ್ನು ಕರಗಿಸಲು ಬಳಸುವ ದ್ರಾವಕದಿಂದ ಒಂದೆರಡು ದಿನ ಉಸಿರಿನಲ್ಲೂ ಬೆವರಿನಲ್ಲೂ ಬೆಳ್ಳುಳ್ಳಿ ವಾಸನೆ ಬರುತ್ತದೆ. ಗಾಬರಿ ಬೇಡ, ತಾನಾಗಿ ಹೋಗುತ್ತದೆ. ಬರೀ ಎಂಬೋಲೈಸೇಶನ್ ಮಾಡಿ ಬಿಟ್ಟರೆ ಗಂಟು ಮಿಡಿಯುವುದು ನಿಲ್ಲುತ್ತದೆ, ಆದರೆ ಗಟ್ಟಿಯಾಗಿ ಅಲ್ಲೇ ಉಳಿಯುತ್ತದೆ. ದೊಡ್ಡ ಗಂಟುಗಳಲ್ಲಿ ಒಂದೆರಡು ದಿನದೊಳಗೆ ಆಪರೇಷನ್ ಮಾಡಿ ತೆಗೆಯುವುದು ಅದಕ್ಕೇ. ಮೊದಲು ಮುಚ್ಚಿ ಆಮೇಲೆ ಕೊಯ್ದರೆ ರಕ್ತ ಹೋಗುವುದು ತುಂಬಾ ಕಡಿಮೆ. ಹಾಗಿದ್ದರೂ ರಕ್ತ ಕಾಯ್ದಿರಿಸಲು ಹೇಳುತ್ತಾರೆ, ಮನೆಯವರು ಇಬ್ಬರು ಮೂವರು ರಕ್ತ ಕೊಡಲು ಸಿದ್ಧರಾಗಿ ಬನ್ನಿ. ಸಿಕ್ಕನ್ನು ಪೂರ್ತಿ ತೆಗೆದರೆ ಮತ್ತೆ ಬರುವ ಸಂಭವ ಕಡಿಮೆ, ತುಣುಕು ಬಿಟ್ಟರೆ ಮರಳಿ ಬೆಳೆಯುತ್ತದೆ.

ಕೂದಲು? ಗಾಯದ ಗೆರೆಯಲ್ಲಿ ಬರುವುದಿಲ್ಲ, ಉಳಿದ ಕಡೆ ಸಾಮಾನ್ಯವಾಗಿ ಬರುತ್ತದೆ. ಚರ್ಮಕ್ಕೆ ರಕ್ತ ಸಾಲದೆ ಸ್ವಲ್ಪ ಜಾಗ ಬೋಳಾಗಿ ಉಳಿಯುವುದೂ ಇದೆ. ದೊಡ್ಡ ಜಾಗವಾದರೆ ಮೊದಲು ಪಕ್ಕದ ಕೂದಲಿರುವ ಚರ್ಮದ ಕೆಳಗೆ ಬಲೂನಿಟ್ಟು ಹಿಗ್ಗಿಸಿ, ಆಮೇಲೆ ಅದನ್ನೇ ಎಳೆದು ಮುಚ್ಚುವ ವಿಧಾನ ಇದೆ. ಪ್ಲಾಸ್ಟಿಕ್ ಸರ್ಜನ್ ಅವರನ್ನೂ ಮೊದಲ ದಿನದಿಂದಲೇ ಸೇರಿಸಿಕೊಳ್ಳಿ ಅಂತ ಹೇಳುವುದು ಇದಕ್ಕೆ.

ನಿಧಾನ ಹರಿವಿನ ಸಿರೆಗಂಟಿಗೆ ಇಷ್ಟೆಲ್ಲ ಬೇಡ. ಮಿದುಳಿನ ಸಿರೆಗೆ ಸಂಪರ್ಕ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಸ್ಕ್ಲೆರೋಥೆರಪಿ ಮಾಡುತ್ತಾರೆ. ಪಾಲಿಡೊಕೆನಾಲ್, ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಅಥವಾ ಬ್ಲಿಯೊಮೈಸಿನ್ ಔಷಧವನ್ನು ಗಂಟಿಗೇ ಚುಚ್ಚಿ, ಒಳಗೋಡೆ ಅಂಟಿಕೊಳ್ಳುವಂತೆ ಮಾಡುವುದು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ವಾರಗಳ ಅಂತರದಲ್ಲಿ ಹಲವು ಸಲ ಬೇಕು. ಮೊದಲ ಕೆಲವು ದಿನ ಊತ ಜಾಸ್ತಿಯಾಗುತ್ತದೆ, ಅದು ನಿರೀಕ್ಷಿತ.

ಕೂಸಿನ ಹೆಮಾಂಜಿಯೋಮಾಕ್ಕೆ ಪ್ರೊಪ್ರನಲಾಲ್ ಇದೆ. ಫ್ರಾನ್ಸಿನ ಬೋರ್ಡೋದಲ್ಲಿ ಒಂದು ಮಗುವಿಗೆ ಹೃದಯದ ತೊಂದರೆಗೆಂದು ಈ ಮಾತ್ರೆ ಕೊಟ್ಟಾಗ ಮುಖದ ಮೇಲಿನ ಗಂಟು ಕುಗ್ಗಿದ್ದನ್ನು ಡಾಕ್ಟರುಗಳು ಗಮನಿಸಿ 2008ರಲ್ಲಿ ವರದಿ ಮಾಡಿದರು, ಆಮೇಲೆ ಇದೇ ಮೊದಲ ಆಯ್ಕೆಯ ಔಷಧವಾಯಿತು. ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ಏನೂ ಬೇಡ. ಹುಣ್ಣಾಗುತ್ತಿದ್ದರೆ, ಕಣ್ಣಿಗೆ ಅಡ್ಡ ಬರುತ್ತಿದ್ದರೆ, ತುಂಬಾ ದೊಡ್ಡದಿದ್ದರೆ ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ, ಯಾಕೆಂದರೆ ಬೆಳವಣಿಗೆಯ ಬಹುಪಾಲು ಮೊದಲ 5 ತಿಂಗಳಲ್ಲೇ ಮುಗಿದಿರುತ್ತದೆ. ಮೈಮೇಲೆ ಇಂಥವು 5 ಅಥವಾ ಹೆಚ್ಚಿದ್ದರೆ ಹೊಟ್ಟೆಯ ಸ್ಕ್ಯಾನ್ ಕೂಡ ಬೇಕು, ಯಕೃತ್ತಿನಲ್ಲೂ ಇರಬಹುದು. ಔಷಧದ ವಿಷಯದಲ್ಲಿ ಒಂದು ನಿಯಮ ಮುರಿಯಬೇಡಿ: ಹಾಲು ಕುಡಿಸಿದ ಮೇಲೆಯೇ ಕೊಡಿ. ಮಗು ವಾಂತಿ ಮಾಡುತ್ತಿದ್ದರೆ, ಹಾಲು ಬಿಟ್ಟಿದ್ದರೆ, ಉಬ್ಬಸ ಬಂದಿದ್ದರೆ ಅವತ್ತಿನ ಔಷಧ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಅಂಶ ಕುಸಿಯುವುದು ಇದರ ದೊಡ್ಡ ಅಪಾಯ. ಎವಿಎಂಗೆ ಈ ಔಷಧ ಕೆಲಸ ಮಾಡುವುದಿಲ್ಲ, ಹೆಸರಿಗೆ ಹಟ ಮಾಡಿ ಅಂದದ್ದು ಇದಕ್ಕೂ ಸೇರಿ.

ಚಿಕಿತ್ಸೆ ಆಗುವ ತನಕ ಮನೆಯಲ್ಲಿ ಏನು ಮಾಡಬಾರದು ಅಂದರೆ, ಆ ಜಾಗಕ್ಕೆ ತಲೆ ಮಸಾಜು ಬೇಡ, ಬಿಸಿ ಶಾಖ ಬೇಡ, ಬರೆ ಹಾಕಿಸುವುದಂತೂ ಬೇಡವೇ ಬೇಡ. ಕ್ಷೌರಕ್ಕೆ ಕೂತಾಗ ಮೊದಲೇ ತೋರಿಸಿ ಹೇಳಿ. ಮಗುವಿನ ಚೌಲ ಇದೆ, ತಿರುಪತಿಗೋ ಧರ್ಮಸ್ಥಳಕ್ಕೋ ಮುಡಿ ಕೊಡುವ ಹರಕೆ ಇದೆ ಅನ್ನುವವರಿಗೆ ನನ್ನ ಸಲಹೆ: ಗಂಟಿನ ಮೇಲೆ ಕತ್ತಿ ಆಡಿಸಬೇಡಿ, ಸುತ್ತ ಬಿಟ್ಟು ಕತ್ತರಿಯಲ್ಲಿ ಕೂದಲು ತೆಗೆಸಿ, ಅಥವಾ ಹರಕೆಯನ್ನು ಚಿಕಿತ್ಸೆಯ ನಂತರಕ್ಕೆ ಇಟ್ಟುಕೊಳ್ಳಿ. ಹೆಲ್ಮೆಟ್ ಬಿಡಬೇಡಿ, ಗಂಟನ್ನು ಒತ್ತದಂಥದ್ದು ನೋಡಿ.

ರಕ್ತ ಬಂದರೆ ಹೀಗೆ ಮಾಡಿ. ನೆತ್ತಿಚರ್ಮದ ನಾಳಗಳು ಗಟ್ಟಿ ನಾರಿನ ಪದರದಲ್ಲಿ ಹುದುಗಿರುತ್ತವೆ, ಕತ್ತರಿಸಿದರೂ ಅವು ಮುದುಡಿಕೊಳ್ಳಲು ಆಗುವುದಿಲ್ಲ, ಬಾಯಿ ತೆರೆದೇ ಇರುತ್ತದೆ. ಹಾಗಾಗಿ ಒತ್ತಡ ಒಂದೇ ಮದ್ದು. ಕೂರಿಸಿ, ಒಗೆದ ಬಟ್ಟೆಯನ್ನು ದಪ್ಪಗೆ ಮಡಚಿ ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತಾ ಅಂತ ತೆಗೆದು ತೆಗೆದು ನೋಡಬೇಡಿ. ಬಟ್ಟೆ ತೋಯ್ದರೆ ಅದರ ಮೇಲೇ ಇನ್ನೊಂದು ಇಡಿ. ಗಂಟು ಕಣತಲೆಯ ಕಡೆಗಿದ್ದರೆ ಇನ್ನೊಬ್ಬರು ಕಿವಿಯ ಮುಂದೆ ನಾಡಿ ಸಿಗುವ ಜಾಗವನ್ನು ಬೆರಳಿನಿಂದ ಮೂಳೆಗೆ ಒತ್ತಿ ಹಿಡಿಯಲಿ, ಹರಿವು ತಗ್ಗುತ್ತದೆ. ಕಾಫಿ ಪುಡಿ, ಅರಿಶಿನ ತುಂಬಬೇಡಿ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸಿನಲ್ಲಿ ಹೋಗುವಾಗಲೂ ಕೈ ತೆಗೆಯಬೇಡಿ. ಆಸ್ಪತ್ರೆ ತಲುಪಿದ ಕೂಡಲೇ 'ಇದು ಎವಿಎಂ' ಅಂತ ಮೊದಲು ಹೇಳಿ, ಸಿಡಿ ಕೈಯಲ್ಲಿರಲಿ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಆದರೆ ಡಾಕ್ಟರನ್ನು ಕೇಳದೆ ನೀವೇ ನಿಲ್ಲಿಸಬೇಡಿ.

ಎಲ್ಲಿಗೆ ಹೋಗುವುದು? ಎಂಬೋಲೈಸೇಶನ್ ಮಾಡುವವರೂ ನರಶಸ್ತ್ರಚಿಕಿತ್ಸಕರೂ ಒಂದೇ ಕಡೆ ಇರುವ ಆಸ್ಪತ್ರೆಯೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎರಡೂ ವಿಭಾಗ ಇವೆ, ದೊಡ್ಡ ವೈದ್ಯಕೀಯ ಕಾಲೇಜುಗಳಲ್ಲೂ ವಿಚಾರಿಸಿ. ಗ್ಲೂ, ಓನಿಕ್ಸ್, ನಳಿಕೆ, ಈ ಸಾಮಾನುಗಳ ಖರ್ಚೇ ಜಾಸ್ತಿ, ಹಾಗಾಗಿ ಅಂದಾಜು ಪಟ್ಟಿಯಲ್ಲಿ ಅವನ್ನು ಬೇರೆಯಾಗಿ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ, ಎಪಿಎಲ್‌ನವರಿಗೆ ಯೋಜನೆಯ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ ನೆರವಿದೆ. ನಿಮ್ಮ ಚಿಕಿತ್ಸೆ ಅದರ ಪಟ್ಟಿಯಲ್ಲಿ ಬರುತ್ತದಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ ಅಂತ ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು (ಈ ಯೋಜನೆಯ ಸಹಾಯಕರು) ಕೇಳಿ.

ಆಪರೇಷನ್ ಆದ ಮೇಲೆ ಹೊಲಿಗೆ ಬಿಚ್ಚುವ ತನಕ ಗಾಯ ಒದ್ದೆ ಮಾಡಬೇಡಿ. ಜ್ವರ, ಕೀವು, ಗಾಯದ ಅಂಚು ಕಪ್ಪಾಗುವುದು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ. ಮೊದಲ ಕೆಲವು ವರ್ಷ ಡಾಕ್ಟರು ಹೇಳಿದ ಅಂತರದಲ್ಲಿ ಡಾಪ್ಲರ್ ಮಾಡಿಸುತ್ತಾ ಇರಿ. ನಡುವೆ ಮನೆಯಲ್ಲೇ ಆಗಾಗ ಆ ಜಾಗ ಮುಟ್ಟಿ ನೋಡಿಕೊಳ್ಳಿ, ಮಿಡಿತ ಸಿಕ್ಕರೆ ಅಥವಾ ದಿಂಬಿಗೆ ತಲೆಯಿಟ್ಟಾಗ ಸದ್ದು ಮತ್ತೆ ಕೇಳಿಸಿದರೆ ಹಳೆಯ ಸಿಡಿ ತೆಗೆದುಕೊಂಡು ಅದೇ ತಂಡದ ಹತ್ತಿರ ಹೋಗಿ.